ಮೊದಲು ಚಾಸಿ, ಆಮೇಲೆ ಎಂಜಿನ್

ಮಾನ್ಯರೇ,

ಹಳೆಯ ಸ್ಪೋರ್ಟ್ಸ್ ಕಾರುಗಳ ಕುರಿತ ನಿಮ್ಮ ಲೇಖನದ ತುಂಬ ಎಂಜಿನ್ನಿನ ಗುಣಗಾನ. ಕಾರಿನ ಭಾರ ಹೊರುವ ಅಡಿ ಚೌಕಟ್ಟು, ಅಂದರೆ ಚಾಸಿಯ ಮಾತೇ ಇಲ್ಲ. ಡೆಟ್ರಾಯಿಟ್ ಬಳಿ ಇರುವ ನನ್ನಲ್ಲಿ 1989ರ ಫೋರ್ಡ್ ಮಸ್ಟಾಂಗ್ ಹ್ಯಾಚ್‌ಬ್ಯಾಕ್ ಇದೆ. ಮುಂದಿನ ಮೂಲೆಗೆ ಜಾಕ್ ಕೊಟ್ಟರೆ ಕಾರಿನ ಮೈ ಬಾಗಿ, ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ! ಇದರ ಅಡಿಯ ಮುಂದಿನ, ಹಿಂದಿನ ರೈಲ್‌ಗಳ (ಉಕ್ಕಿನ ತೊಲೆಗಳ) ನಡುವೆ ಮುಖ್ಯವಾಗಿ ತಗಡಿನ ನೆಲವೇ ಆಸರೆ. ಎರಡನ್ನೂ ಜೋಡಿಸುವ ಉಕ್ಕಿನ ಸಬ್‌ಫ್ರೇಮ್ ಕನೆಕ್ಟರ್‌ಗಳನ್ನು ವೆಲ್ಡ್ ಮಾಡಿಸಿದೆ. ಮೊದಲ ಗ್ಯಾರೇಜಿನವರು ಚಕ್ರಗಳು ನೇತಾಡುವಂತೆ ಕಾರನ್ನೆತ್ತಿ ವೆಲ್ಡ್‌ಗೆ ಹೊರಟಿದ್ದರು. ಕೈಮುಗಿದು ವಾಪಸ್ ಬಂದೆ. ಭಾರ ಚಕ್ರಗಳ ಮೇಲೇ ಇರಬೇಕು, ಇಲ್ಲವಾದರೆ ಜೋತುಬಿದ್ದ ಸೊಟ್ಟವೇ ಕಾಯಂ. ಬ್ಯಾಟರಿ ಕಳಚಿ, ಒಳಗಿನ ಕಾರ್ಪೆಟ್ ಸರಿಸಿದ್ದೂ ನಾನೇ. ಈಗ ಗುಂಡಿಗೆ ಬಿದ್ದರೂ ಡ್ಯಾಶ್‌ಬೋರ್ಡ್ ಕಿರುಗುಟ್ಟುವುದಿಲ್ಲ. ವೇಗವೇನೂ ಹೆಚ್ಚಲಿಲ್ಲ, ತುಸು ತೂಕ ಹೆಚ್ಚಿತು.

– ಮಿಷಿಗನ್‌ನ ಓದುಗ