ಆ ಬುಧವಾರ ನಾನೆಲ್ಲಿದ್ದೆ

ಪ್ರೀತಿಯ ಪುಟ್ಟಿ,

ದೆಹಲಿಯ ಸಫ್ದರ್‌ಜಂಗ್ ರಸ್ತೆಯ ಆ ಮನೆ ನೋಡಿ ಬಂದು ನೀನು ಕಳಿಸಿದ ಮೆಸೇಜನ್ನು ರಾತ್ರಿ ಮೂರು ಸಲ ಓದಿದೆ. ಇಂದಿರಾ ಗಾಂಧಿ ಕೊನೇ ಸಲ ನಡೆದ ದಾರಿ, ಅವರು ಬಿದ್ದ ಜಾಗಕ್ಕೆ ಹಾಕಿರುವ ಗಾಜು, ಗುಂಡಿನ ತೂತು ಬಿದ್ದ ಸೀರೆ. ಎಲ್ಲಾ ಬರೆದು ಕೊನೆಗೆ ಕೇಳಿದ್ದೀಯ, "ಅಮ್ಮಾ, ಆವತ್ತು ನೀನೆಲ್ಲಿದ್ದೆ?" ಫೋನಿನಲ್ಲಿ ಹೇಳಿ ಮುಗಿಸೋ ಮಾತಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

1984ರ ಅಕ್ಟೋಬರ್ 31, ಬುಧವಾರ. ನನಗೆ ಹತ್ತು ವರ್ಷ, ಐದನೇ ಕ್ಲಾಸು. ಮಾರನೇ ದಿನ ರಾಜ್ಯೋತ್ಸವ. ಬೆಳಿಗ್ಗೆಯಿಂದ ನಮಗೆ ಪಾಠ ಇರಲಿಲ್ಲ. ಶಾಲೆಯ ಜಗಲಿಯಲ್ಲಿ ಕೂತು ಹಳದಿ, ಕೆಂಪು ಕಾಗದ ಕತ್ತರಿಸಿ ಬಾವುಟ ಅಂಟಿಸುತ್ತಿದ್ದೆವು. ಮೇಷ್ಟ್ರ ಮನೆಯಿಂದ ಮೈದಾ ಅಂಟು ಕಾಯಿಸಿ ತಂದಿದ್ದರು. ಇನ್ನೂ ಬಿಸಿ ಇತ್ತು. ಬೆರಳಿಗೆ ಹತ್ತಿದ್ದು ಒಣಗಿ ಸಿಪ್ಪೆಯ ಹಾಗೆ ಏಳುತ್ತಿತ್ತು. ಅದನ್ನು ಕಿತ್ತುಕೊಳ್ಳುವುದೇ ನಮಗೊಂದು ಆಟ.

ಮಧ್ಯಾಹ್ನದ ಬಸ್ಸು ಬಂತು. ಕಂಡಕ್ಟರ್ ಇಳಿದವನೇ ಶಾಲೆಗೆ ಬಂದು ಹೆಡ್‌ಮಾಸ್ಟರ ಹತ್ತಿರ ಏನೋ ಹೇಳಿದ. ಅವರು ಗೋಡೆ ಹಿಡಿದುಕೊಂಡರು. ಆಮೇಲೆ ನಮಗೆ ಹೇಳಿದರು, "ಪ್ರಧಾನಿಗೆ ಗುಂಡು ಹೊಡೆದಿದ್ದಾರಂತೆ. ಎಲ್ಲರೂ ಮನೆಗೆ ಹೋಗಿ. ನಾಳೆ ಶಾಲೆ ಇಲ್ಲ." ನನಗೆ ಅಳು ಬಂತು ಪುಟ್ಟಿ. ಯಾಕೆ ಅಂದರೆ, ರಾಜ್ಯೋತ್ಸವದ ಹಾಡಿನಲ್ಲಿ ನಾನು ಮುಂದಿನ ಸಾಲಿನಲ್ಲಿ ನಿಲ್ಲಬೇಕಿತ್ತು. ಅಷ್ಟೇ ಕಾರಣ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಮನೆಗೆ ಬಂದರೆ ನನ್ನ ಅಜ್ಜಿ ಒಲೆ ಮುಂದೆ ಸುಮ್ನೆ ಕೂತಿದ್ದರು. ಒಲೆ ಉರಿಯುತ್ತಿರಲಿಲ್ಲ. ಅಜ್ಜಿಗೆ ಆಕೆ ಪ್ರಧಾನಿ ಅಲ್ಲ, ಇಂದ್ರಮ್ಮ. ನಿನಗೆ ಗೊತ್ತಲ್ವಾ, 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಮೇಲೆ ಅವರು ಮತ್ತೆ ಲೋಕಸಭೆಗೆ ಹೋಗಿದ್ದು ನಮ್ಮ ಚಿಕ್ಕಮಗಳೂರಿನಿಂದ. 1978ರ ನವೆಂಬರಿನ ಉಪಚುನಾವಣೆ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟು, ಎದುರಿಗೆ ವೀರೇಂದ್ರ ಪಾಟೀಲರು. 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ಪ್ರಚಾರಕ್ಕೆ ಬಂದಾಗ ಅಜ್ಜಿ ಮೂರು ಮೈಲಿ ನಡೆದು ಹೋಗಿ ರಸ್ತೆ ಬದಿಯಲ್ಲಿ ಕಾದು ನೋಡಿದ್ದರು. "ನನ್ನ ಕಡೆನೇ ನೋಡಿ ಕೈ ಮುಗಿದ್ರು" ಅಂತ ಸಾಯುವವರೆಗೂ ಹೇಳುತ್ತಿದ್ದರು. ಅದಕ್ಕೂ ಮುಂಚೆ, ಮುಖ್ಯಮಂತ್ರಿ ದೇವರಾಜ ಅರಸು ಕಾಲದಲ್ಲಿ, ಉಳುವವನಿಗೇ ಭೂಮಿ ಅನ್ನೋ ಕಾನೂನಿನಡಿ ಡಿಕ್ಲರೇಷನ್ ಹಾಕಿ ನಮಗೆ ಎರಡು ಎಕರೆ ಗೇಣಿ ಗದ್ದೆ ಸ್ವಂತಕ್ಕೆ ಬಂದಿತ್ತು. ಅಜ್ಜಿಯ ಲೆಕ್ಕದಲ್ಲಿ ಅದನ್ನೂ ಕೊಟ್ಟಿದ್ದು ಇಂದ್ರಮ್ಮನೇ. ಎಮರ್ಜೆನ್ಸಿ ಬಗ್ಗೆ ನನ್ನ ಅಪ್ಪ ಏನಾದರೂ ಅಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅಪ್ಪ ಹೇಳುತ್ತಿದ್ದುದು ಸರಿಯೇ. ಆದರೆ ಗದ್ದೆ ಕೈಗೆ ಬಂದವರ ಪ್ರೀತಿಯೂ ಸುಳ್ಳಲ್ಲ.

ರೇಡಿಯೋದಲ್ಲಿ ಚಿತ್ರಗೀತೆ ನಿಂತುಹೋಗಿ ಬರೀ ವಾದ್ಯಸಂಗೀತ ಬರುತ್ತಿತ್ತು. ಬೆಳಿಗ್ಗೆ ಒಂಬತ್ತರ ಮೇಲೆ ಗುಂಡು ಬಿದ್ದಿದ್ದು. ತೀರಿಕೊಂಡರು ಅಂತ ಆಕಾಶವಾಣಿ ಹೇಳಿದ್ದು ಸಂಜೆ. ಅಷ್ಟು ಹೊತ್ತಿಗೆ ಅಂಗಡಿ ಬಾಗಿಲು ಹಾಕಿ ಊರಿನ ಗಂಡಸರೆಲ್ಲ ನಮ್ಮ ಅಂಗಳಕ್ಕೆ ಬಂದಿದ್ದರು. ಅಜ್ಜಿ ಕೇಳಿದ್ದು ಒಂದೇ ಮಾತು, "ಹೆಣ್ಣು ಹೆಂಗಸಿನ ಮೇಲೆ ಕೈ ಎತ್ತೋಕೆ ಮನಸ್ಸು ಹೆಂಗಾದ್ರೂ ಬಂತು?" ಕಾವಲಿಗಿದ್ದ ಸಿಖ್ಖರೇ ಹೊಡೆದಿದ್ದು ಅಂತ ಅಪ್ಪ ಹೇಳಿದರು. ಜೂನ್ ತಿಂಗಳಲ್ಲಿ ಸಿಖ್ಖರ ಅಮೃತಸರದ ಸ್ವರ್ಣಮಂದಿರದೊಳಕ್ಕೆ ಸೈನ್ಯ ನುಗ್ಗಿದ್ದು, ಆ ಸಿಟ್ಟು, ಎಲ್ಲಾ ಬಿಡಿಸಿ ಹೇಳಿದರು. ಅಂಗಳದಲ್ಲಿದ್ದ ಯಾರೋ ಒಬ್ಬರು ಅಂದರು, "ಆ ಜಾತಿನೇ ಹಂಗೆ." ಯಾರೂ ಅಲ್ಲ ಅನ್ನಲಿಲ್ಲ. ಅಪ್ಪನೂ ಅನ್ನಲಿಲ್ಲ. ನಮ್ಮೂರಲ್ಲಿ ಯಾರೂ ಒಬ್ಬ ಸಿಖ್ಖನ ಜೊತೆ ಮಾತಾಡಿದವರಲ್ಲ. ಕೊಟ್ಟಿಗೆಹಾರದ ಹೋಟೆಲಿನ ಮುಂದೆ ಲಾರಿ ನಿಲ್ಲಿಸಿ ಟೀ ಕುಡಿಯುವ ಪೇಟದ ಡ್ರೈವರನ್ನು ಒಂದೆರಡು ಸಲ ದೂರದಿಂದ ನೋಡಿದ್ದೆ, ಅಷ್ಟೇ.

ಶನಿವಾರ ರೇಡಿಯೋದಲ್ಲಿ ಅಂತ್ಯಕ್ರಿಯೆ. ಅಜ್ಜಿ ಸ್ನಾನ ಮಾಡಿ, ಕ್ಯಾಲೆಂಡರಿನಿಂದ ಕತ್ತರಿಸಿದ ಇಂದ್ರಮ್ಮನ ಫೋಟೋಕ್ಕೆ ಕನಕಾಂಬರದ ಮಾಲೆ ಹಾಕಿದರು. ನನ್ನ ನೆನಪು ಅಲ್ಲಿಗೆ ಮುಗಿಯುತ್ತಿತ್ತು. ಹನ್ನೆರಡು ವರ್ಷ ನಾನು ಈ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂರುತ್ತಿದ್ದ ದೆಹಲಿಯ ಹುಡುಗಿ ನೆನಪಿದ್ದಾಳಾ? ನೀನು ಚಿಕ್ಕವಳಿದ್ದಾಗ ನಿನಗೆ ಪಂಜೀರಿ ಮಾಡಿ ತರುತ್ತಿದ್ದ ಆಂಟಿ. ಒಂದು ಅಕ್ಟೋಬರ್ 31, ಊಟದ ಹೊತ್ತು. ಎಲ್ಲರೂ ಆವತ್ತು ಎಲ್ಲಿದ್ದೆವು ಅಂತ ಹೇಳಿಕೊಳ್ಳುತ್ತಿದ್ದರು. ನಾನೂ ಬಾವುಟ, ಮೈದಾ ಅಂಟು, ಅಜ್ಜಿ ಎಲ್ಲಾ ಹೇಳಿದೆ. ಅವಳು ಏನೂ ಮಾತಾಡದೆ ಡಬ್ಬಿ ಮುಚ್ಚಿ ಎದ್ದು ಹೋದಳು. ಸಂಜೆ ಬಸ್‌ಸ್ಟಾಪಿನಲ್ಲಿ ನಾನು ಕೇಳದೇನೇ ಹೇಳಿದಳು.

ಅವಳಿಗೂ ಆಗ ಹತ್ತೇ ವರ್ಷ. ಸಿಖ್ ಕುಟುಂಬ, ಪೂರ್ವ ದೆಹಲಿಯಲ್ಲಿ ಮನೆ. ನವೆಂಬರ್ 1ರ ರಾತ್ರಿ, ಸಿಖ್ಖರನ್ನು ಹುಡುಕಿ ಕೊಲ್ಲುತ್ತಿದ್ದ ಗುಂಪಿನ ಗಲಾಟೆ ಬೀದಿ ತುದಿಯಲ್ಲಿ ಕೇಳಿಸುವಾಗ, ಅವಳಮ್ಮ ಎಂಟು ವರ್ಷದ ತಮ್ಮನನ್ನು ತೊಡೆ ಮೇಲೆ ಕೂರಿಸಿಕೊಂಡು ಬಟ್ಟೆ ಹೊಲಿಯುವ ಕತ್ತರಿಯಲ್ಲಿ ಅವನ ಕೂದಲು ಕತ್ತರಿಸಿದರಂತೆ. ಹುಟ್ಟಿದಾಗಿನಿಂದ ಒಂದು ಎಳೆಯನ್ನೂ ಕತ್ತರಿಸದ ಕೂದಲು. ದೀಪ ಹಚ್ಚುವ ಹಾಗಿಲ್ಲ. ಕತ್ತಲಲ್ಲಿ ಕಿವಿಗೆ ತಾಗಿ ರಕ್ತ ಬಂತಂತೆ, ಅವನು ಬಾಯಿ ಬಿಡಲಿಲ್ಲವಂತೆ. ಆಮೇಲೆ ತಲೆ ಮುಟ್ಟಿ ನೋಡಿಕೊಂಡು "ಚಳಿ ಆಗ್ತಿದೆ" ಅಂದನಂತೆ. ಅಮ್ಮ ಆ ಕೂದಲನ್ನು ತಮ್ಮ ದುಪಟ್ಟಾದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಪಕ್ಕದ ಮನೆಯ ಹಿಂದೂ ಕುಟುಂಬದವರು ಇವರನ್ನು ಮೂರು ದಿನ ಮಾಳಿಗೆಯ ಕೋಣೆಯಲ್ಲಿ ಬಚ್ಚಿಟ್ಟು ಉಳಿಸಿದರು. ಟ್ಯಾಕ್ಸಿ ಓಡಿಸುತ್ತಿದ್ದ ಅಪ್ಪ ಮಾತ್ರ ವಾಪಸ್ ಬರಲೇ ಇಲ್ಲ.

ನಾನು ಹಾಡು ತಪ್ಪಿತು ಅಂತ ಅತ್ತ ರಾಜ್ಯೋತ್ಸವದ ದಿನ ಅದು.

ಆಮೇಲೆ ಓದಿ ತಿಳಿದುಕೊಂಡೆ. ಸರ್ಕಾರದ ಲೆಕ್ಕದಲ್ಲೇ ದೆಹಲಿಯೊಂದರಲ್ಲಿ 2,733 ಜನ ಸತ್ತರು. ಮತದಾರರ ಪಟ್ಟಿ ಹಿಡಿದು ಸಿಖ್ಖರ ಮನೆ ಯಾವುದು ಅಂತ ಹುಡುಕಿ ಬಂದರು. ತ್ರಿಲೋಕಪುರಿಯಲ್ಲಿ ಕೊಲೆ ನಡೆಯುವಾಗ ಪೊಲೀಸರು ತಡೆಯಲಿಲ್ಲ. ಪ್ರಧಾನಿಯಾಗಿದ್ದ ಮನಮೋಹನ್ ಸಿಂಗ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2005ರಲ್ಲಿ. ಕಾಂಗ್ರೆಸ್ ಸಂಸದರಾಗಿದ್ದ ಸಜ್ಜನ್ ಕುಮಾರ್‌ಗೆ ಆ ಕೊಲೆಗಳ ಕೇಸಿನಲ್ಲಿ ಹೈಕೋರ್ಟಿನಿಂದ ಜೀವಾವಧಿ ಶಿಕ್ಷೆ ಆಗಿದ್ದು 2018ರಲ್ಲಿ. 34 ವರ್ಷ ಪುಟ್ಟಿ. ಎಷ್ಟು ಜನ ತಾಯಂದಿರು ಅಷ್ಟರಲ್ಲಿ ಸತ್ತು ಹೋಗಿರುತ್ತಾರೆ! ದೆಹಲಿ ದೂರ, ನಮ್ಮ ಕಡೆ ಹಾಗೆಲ್ಲ ಇಲ್ಲ ಅಂತಲೂ ಅನ್ನೋ ಹಾಗಿಲ್ಲ. ಗುರುನಾನಕರ ಝೀರಾ ಗುರುದ್ವಾರ ಇರುವ ನಮ್ಮ ಬೀದರಿನಲ್ಲೇ 1988ರಲ್ಲಿ ಓದೋಕೆ ಬಂದ ಸಿಖ್ ಹುಡುಗರನ್ನು ಅಟ್ಟಾಡಿಸಿ ಕೊಂದರು. ನಾನಾಗ ಹೈಸ್ಕೂಲು. ಆ ಸುದ್ದಿ ಕೇಳಿದಾಗ ನಾನೆಲ್ಲಿದ್ದೆ ಅಂತ ಎಷ್ಟು ನೆನಪು ಮಾಡಿಕೊಂಡರೂ ನನಗೆ ನೆನಪಾಗುವುದಿಲ್ಲ. ಇದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಅಜ್ಜಿಯ ಆ ಫೋಟೋ ಊರಿನ ಮನೆಯ ಗೋಡೆ ಮೇಲೆ ಇನ್ನೂ ಇದೆ. ಹೋದ ತಿಂಗಳು ಸುಣ್ಣ ಹೊಡೆಸಿದಾಗ ನಾನೇ ಇಳಿಸಿ, ಒರೆಸಿ, ಮತ್ತೆ ಅದೇ ಮೊಳೆಗೆ ಹಾಕಿದೆ. ಆ ಗಾಜಿನ ಮುಂದೆ ನಿಂತು ನಿನಗೆ ಅಳು ಬಂತು ಅಂತ ಬರೆದಿದ್ದೀಯ. ಬರಲಿ, ಬರಬೇಕಾದ್ದೇ. ಆದರೆ ಇನ್ನೊಂದು ಜಾಗಕ್ಕೂ ಹೋಗಿ ಬಾ. ಪಾರ್ಲಿಮೆಂಟಿನ ಹತ್ತಿರವೇ ರಕಾಬ್‌ಗಂಜ್ ಗುರುದ್ವಾರ ಇದೆ. ಅಲ್ಲಿ 1984ರಲ್ಲಿ ಸತ್ತವರ ಹೆಸರು ಕೆತ್ತಿದ ಗೋಡೆ ಇದೆ, 2017ರಲ್ಲಿ ಮಾಡಿದ್ದು. ತಲೆಗೆ ದುಪಟ್ಟಾ ಹಾಕಿಕೋ. ಎಲ್ಲರಿಗೂ ಬಡಿಸುವ ಲಂಗರಿನಲ್ಲಿ ಊಟ ಮಾಡಿಯೇ ಬಾ.

ಆಂಟಿ ಈಗ ದೆಹಲಿಯಲ್ಲೇ ಇದ್ದಾಳೆ. ನಂಬರ್ ವಾಟ್ಸಾಪ್ ಮಾಡಿದ್ದೇನೆ. ಗೋಡೆ ನೋಡೋಕೆ ತಾನೇ ಕರೆದುಕೊಂಡು ಹೋಗುತ್ತೇನೆ ಅಂದಳು. ಅವಳಮ್ಮನಿಗೆ ಈಗ ಕಣ್ಣು ಮಂಜು, ಆದರೆ ಮಾತು ಜೋರು, ಅವರನ್ನೂ ನೋಡು. ಬರಿಗೈಯಲ್ಲಿ ಹೋಗಬೇಡ. ನಮ್ಮ ತೋಟದ ಕಾಫಿಪುಡಿ ಒಂದು ಕೆಜಿ ಕೊರಿಯರ್ ಮಾಡಿದ್ದೇನೆ, ಚಿಕೋರಿ ಹಾಕಿಲ್ಲ. ಡಿಕಾಕ್ಷನ್ ಹಾಕೋದು ಅವರಿಗೆ ಗೊತ್ತಿರಲಿಕ್ಕಿಲ್ಲ, ನಿನ್ನ ಫಿಲ್ಟರನ್ನೂ ತಗೊಂಡು ಹೋಗು.

ನಿನ್ನ
ಅಮ್ಮ