ಆಡುವ ಹನ್ನೊಂದರ ಆಚೆಗೆ

ಚಿ. ಶ್ರೀಧರನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಈ ಸಲದ ಕ್ರಿಕೆಟ್ ಲೀಗ್ ಮುಗಿದ ಮೇಲೆ ಆಟ ಬಿಟ್ಟು ಕೋಚ್ ಆಗುವೆನೆಂದು ಬರೆದಿದ್ದೀಯ. ಸಂತೋಷವೇ. ಆದರೆ ‘ಇಷ್ಟು ವರ್ಷ ಆಡಿದ್ದೇನೆ, ಕಲಿಸುವುದೇನು ಮಹಾ’ ಎಂದಿದ್ದೀಯಲ್ಲ, ಆ ಮಾತು ನನಗೆ ಹಿಡಿಸಲಿಲ್ಲ.

ರಾಹುಲ್ ದ್ರಾವಿಡ್ ಅವರನ್ನು ನೋಡು. 164 ಟೆಸ್ಟ್, 13,288 ರನ್. ಅಷ್ಟು ಆಡಿದವರು ಕೂಡ ಭಾರತದ ಹಿರಿಯರ ತಂಡಕ್ಕೆ ಕೋಚ್ ಆದದ್ದು 2021ರಲ್ಲಿ. ಅದಕ್ಕೂ ಮೊದಲು, 2015ರಿಂದ, 19 ವರ್ಷದೊಳಗಿನ ಹುಡುಗರ ಜೊತೆ, ಭಾರತದ ಎರಡನೇ ಸಾಲಿನ ‘ಎ’ ತಂಡದ ಜೊತೆ ವರ್ಷಗಟ್ಟಲೆ ದುಡಿದರು. ‘ಎ’ ತಂಡದ ಪ್ರವಾಸಕ್ಕೆ ಬಂದ ಯಾರೂ ಒಂದು ಪಂದ್ಯವಾದರೂ ಆಡದೆ ಊರಿಗೆ ಮರಳಬಾರದು ಎಂಬುದು ಅವರ ಕಟ್ಟುಪಾಡಾಗಿತ್ತು. ಎಳೆವಯಸ್ಸಿನಲ್ಲಿ ತಾವೇ ಪ್ರವಾಸಕ್ಕೆ ಹೋಗಿ, ಅವಕಾಶ ಸಿಗದೆ ಬಂದ ಸಂಕಟವನ್ನು ಅವರು ಮರೆತಿರಲಿಲ್ಲ. ಋತುವಿಡೀ ರನ್ ಗಳಿಸಿ ಆಯ್ಕೆಯಾದ ಹುಡುಗ ಬೆಂಚಿನ ಮೇಲೆ ಕುಳಿತೇ ಬಂದರೆ, ಮುಂದಿನ ವರ್ಷ ಅಷ್ಟೇ ರನ್ನುಗಳನ್ನು ಮತ್ತೆ ಸೊನ್ನೆಯಿಂದ ಗಳಿಸಬೇಕಲ್ಲವೇ?

ನೀನು ಸದಾ ಆಡುವ ಹನ್ನೊಂದರಲ್ಲೇ ಇದ್ದವನು. ಆದ್ದರಿಂದ ಹೇಳುತ್ತಿದ್ದೇನೆ, ಹೊರಗೆ ಕುಳಿತವನ ಮೇಲೆ ಕಣ್ಣಿಡುವುದನ್ನು ನೀನು ಬೇಕೆಂದೇ ಕಲಿಯಬೇಕು. ಬೇಸಿಗೆ ಶಿಬಿರಗಳನ್ನು ನೋಡಿದ್ದೀಯ. ಶುಲ್ಕ ಎಲ್ಲರದೂ ಒಂದೇ. ಆದರೆ ನೆಟ್ಸ್‌ನಲ್ಲಿ ಚೆನ್ನಾಗಿ ಆಡುವ ನಾಲ್ವರು ಬ್ಯಾಟ್ ಬೀಸುತ್ತಲೇ ಇರುತ್ತಾರೆ, ಉಳಿದವರು ಸಂಜೆಯವರೆಗೆ ಅವರಿಗೆ ಚೆಂಡು ಎಸೆದು ಮನೆಗೆ ಹೋಗುತ್ತಾರೆ. ನನಗೆ ಇದು ಅನ್ಯಾಯವೆಂದೇ ತೋರುತ್ತದೆ. ಯಾರಿಗೆ ಎಷ್ಟು ಚೆಂಡು ಸಿಕ್ಕಿತು ಎಂದು ದಿನವೂ ಪುಸ್ತಕದಲ್ಲಿ ಬರೆದಿಡು.

ಜೊತೆಗೆ ದುಡಿಯುವವರ ಮಾತೂ ಇದೆ. 2018ರಲ್ಲಿ ಕಿರಿಯರು ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ದ್ರಾವಿಡ್ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಈ ತಾರತಮ್ಯ ಬೇಡವೆಂದು ಅವರು ಹೇಳಿದ ಮೇಲೆ ಎಲ್ಲರಿಗೂ 25 ಲಕ್ಷವಾಯಿತು. ತಮ್ಮ ಪಾಲು ಅರ್ಧವಾಗುವುದಕ್ಕೆ ಅವರು ಒಪ್ಪಿದರು! ನಮ್ಮ ಕುಮಟಾದ ರಾಘವೇಂದ್ರ ಭಾರತ ತಂಡದ ಬ್ಯಾಟರ್‌ಗಳಿಗೆ ಅಭ್ಯಾಸದಲ್ಲಿ ವೇಗದ ಚೆಂಡು ಎಸೆಯುತ್ತಾ ವರ್ಷಗಳನ್ನೇ ಕಳೆದವರು. ಅಂಥವರ ದುಡಿಮೆ ಸ್ಕೋರ್‌ಕಾರ್ಡಿನಲ್ಲಿ ಕಾಣುವುದಿಲ್ಲ. ಪಿಚ್ ನೋಡಿಕೊಳ್ಳುವವರನ್ನೂ ಹೆಸರು ಹಿಡಿದು, ಬಹುವಚನದಲ್ಲೇ ಮಾತನಾಡಿಸು.

ಸೋಲು ಬಂದಾಗ ಮೊದಲ ಕಲ್ಲು ಬೀಳುವುದು ಕೋಚ್ ಮೇಲೆ. 2023ರ ನವೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ಏಕದಿನ ವಿಶ್ವಕಪ್ ಫೈನಲ್ ಸೋತಾಗ ದ್ರಾವಿಡ್ ಅವರಿಗೂ ಅದು ತಪ್ಪಲಿಲ್ಲ. ಮುಂದಿನ ಜೂನ್‌ನಲ್ಲಿ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಕೈಗೆ ಬಂದದ್ದು ಬರೀ 7 ರನ್‌ಗಳ ಅಂತರದಲ್ಲಿ. ಅಷ್ಟು ಸಣ್ಣ ಅಂತರದ ಮೇಲೆ ನಿಂತ ಹೊಗಳಿಕೆ, ತೆಗಳಿಕೆ ಎರಡನ್ನೂ ಹೆಚ್ಚು ಹಚ್ಚಿಕೊಳ್ಳಬೇಡ.

ಮೊದಲು ಲೆವೆಲ್-1 ಕೋಚಿಂಗ್ ತರಬೇತಿಗೆ ಅರ್ಜಿ ಹಾಕು. ಹಣದ ಅಡಚಣೆಯಾದರೆ ಅಣ್ಣನನ್ನು ಕೇಳಬೇಡ, ನನಗೆ ಬರೆ.

ಇಂತಿ,
ನಿನ್ನ ಚಿಕ್ಕಪ್ಪ