ಒಳಗಿನ ಪ್ಯಾಡ್ ನೋಡಿದವರಾರು?

ಮಾನ್ಯರೇ,

ಮಳೆ ನಿಂತು ಗೋವಾದ ದೂಧಸಾಗರದ ಕಡೆ, ಚೋರ್ಲಾ ಸುತ್ತಮುತ್ತ ಜೀಪುಗಳು ಮತ್ತೆ ಹೊಳೆಗಿಳಿಯುವ ಕಾಲ ಬರುತ್ತದೆ. ಟೈರು, ಬ್ಯಾಟರಿ ಎಲ್ಲ ನೋಡುವವರೂ ಬ್ರೇಕಿನ ವಿಷಯದಲ್ಲಿ ಚಕ್ರದ ಸಂದಿಯಿಂದ ಇಣುಕಿ ‘ಪ್ಯಾಡ್ ಇನ್ನೂ ಇದೆ’ ಎಂದು ಕೈತೊಳೆದುಕೊಳ್ಳುತ್ತಾರೆ. ಚಕ್ರದೊಂದಿಗೆ ತಿರುಗುವ ಡಿಸ್ಕ್ ಎಂಬ ತಟ್ಟೆಯನ್ನು ಎರಡೂ ಬದಿಯಿಂದ ಒತ್ತಿ ನಿಲ್ಲಿಸುವ ಬಿಲ್ಲೆಗಳೇ ಪ್ಯಾಡ್. ಅಲ್ಲಿಂದ ಕಾಣುವುದು ಹೊರಗಿನ ಪ್ಯಾಡ್. ಮೊದಲು ಸವೆಯುವುದು ಹೆಚ್ಚಾಗಿ ಒಳಗಿನದು.

ಇಲ್ಲಿ ಓಡುವ ಬಹುತೇಕ ಜೀಪುಗಳಲ್ಲಿ ಡಿಸ್ಕ್ ಇರುವುದು ಮುಂದೆ ಮಾತ್ರ. ಅಲ್ಲಿನ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆ, ಎರಡು ಪಿನ್‌ಗಳ ಮೇಲೆ ಜಾರುವಂಥದ್ದು. ಒಳಬದಿಯ ಪಿಸ್ಟನ್ ಒಳಪ್ಯಾಡನ್ನು ಒತ್ತುತ್ತದೆ. ಆ ಒತ್ತಡಕ್ಕೆ ಕ್ಯಾಲಿಪರ್ ಸರಿದು ಹೊರಪ್ಯಾಡನ್ನೂ ಡಿಸ್ಕಿಗೆ ತರುತ್ತದೆ. ಪಿನ್ನಿನ ರಬ್ಬರ್ ಬೂಟ್ (ಮುಸುಕು) ಹರಿದಿದ್ದರೆ ಕೆಂಪು ಮಣ್ಣಿನ ನೀರು ಒಳಹೊಕ್ಕು ಪಿನ್ ಜಾಮ್ ಆಗುತ್ತದೆ. ಆಮೇಲೆ ದುಡಿಯುವುದೆಲ್ಲ ಒಳಪ್ಯಾಡೇ. ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುವುದಕ್ಕೂ ಇದು ಕಾರಣವಾಗಬಹುದು.

ಹಾಗಾಗಿ ಚಕ್ರ ಬಿಚ್ಚಲೇಬೇಕು. ಕ್ಯಾಲಿಪರನ್ನು ಹೋಸಿನ (ಬ್ರೇಕ್ ಆಯಿಲ್ ಸಾಗುವ ರಬ್ಬರ್ ಕೊಳವೆ) ಮೇಲೆ ನೇತುಬಿಡದೆ ತಂತಿಯಿಂದ ಕಟ್ಟಿ. ಹಿಂದಿನ ಲೋಹದ ತಟ್ಟೆ ಬಿಟ್ಟು ಪ್ಯಾಡಿನ ದಪ್ಪ 3 ಮಿ.ಮೀ.ಗೆ ಇಳಿದಿದ್ದರೆ ಎರಡೂ ಚಕ್ರಗಳಿಗೆ ಹೊಸದು ಹಾಕಿ. ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತದೆ, ಅಳೆದು ನೋಡಿ. ಪಿನ್ ಹೊರತೆಗೆದು ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿ. ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಜಾರಬೇಕು. ಗ್ಯಾರೇಜಿನಲ್ಲಿ ಕೈಗೆ ಸಿಕ್ಕ ಬೇರಿಂಗ್ ಗ್ರೀಸನ್ನೇ ಬಳಿಯುವ ಅಭ್ಯಾಸ ಕೆಟ್ಟದ್ದು: ಅದಕ್ಕೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಸೀಮೆಎಣ್ಣೆ, ಪೆಟ್ರೋಲಿನಲ್ಲಿ ಸೀಲ್ ತೊಳೆಯುವುದೂ ಬೇಡ. ವಾಟರ್ ಸರ್ವೀಸಿನವರು ಪಿಸ್ಟನ್ ಬೂಟಿಗೇ ಪ್ರೆಷರ್ ಪೈಪ್ ಹಿಡಿದರೆ ಹೊರಗಿನ ಮರಳು ಒಳಗೆ ಸೇರುತ್ತದೆ. ಹೋಸಿನಲ್ಲಿ ಬಿರುಕು, ಉಬ್ಬು ಕಂಡರೆ ಬದಲಿಸಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಸುಮಾರು 3.7 ಶೇಕಡಾ ನೀರು ಸೇರಿದಾಗ ಆ ಮಿತಿ 140ಕ್ಕೆ ಕುಸಿಯುತ್ತದೆ. ಡಾಟ್ 4ರಲ್ಲಿ ಇದೇ ಲೆಕ್ಕ 230 ಮತ್ತು 155. ಅನ್‌ಮೋಡ್ ಘಾಟಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟರೆ ಇಂಥ ಹಳೆಯ ಆಯಿಲ್ ಕ್ಯಾಲಿಪರ್‌ನಲ್ಲಿ ಕುದಿದು ಆವಿಯ ಗುಳ್ಳೆಯೇಳುತ್ತದೆ. ಗುಳ್ಳೆ ಕುಗ್ಗುವುದರಿಂದ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆಯಿಲ್ ಕಪ್ಪಾಗಲಿ ಎಂದು ಕಾಯದೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯದು ಬೇಡವೇ ಬೇಡ. ಸಿಲಿಕೋನಿನ ಡಾಟ್ 5 ಬೇರೆಯೇ ಜಾತಿ, ಬೆರೆಸಬಾರದು.

ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಹಿಂದೂಡಿದಾಗ ಗಾಡಿಯಲ್ಲಿರುವ ಬ್ರೇಕ್ ಆಯಿಲ್ ಡಬ್ಬಿ ಉಕ್ಕಿ ಪೇಂಟ್ ಕಿತ್ತುಹೋಗುತ್ತದೆ, ಮೊದಲೇ ಸ್ವಲ್ಪ ಹೀರಿ ತೆಗೆಯಿರಿ. ಚಕ್ರ ಕಟ್ಟಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ, ಗಾಡಿ ಕದಲಿಸುವುದು ಆಮೇಲೆ. ಪಿಸ್ಟನ್ ಮರಳಿ ಪ್ಯಾಡಿಗೆ ತಾಗುವ ತನಕ ಬ್ರೇಕ್ ಹಿಡಿಯುವುದೇ ಇಲ್ಲ.

– ಒಬ್ಬ ಓದುಗ, ಫೋಂಡಾ, ಗೋವಾ